ಹಳದಿ ಕಾಣದ ಕಾಮಾಲೆ

ಪ್ರತಿ ವರ್ಷ ಸಮಾಜ ಪಾಠದಲ್ಲಿ 1837ರ ಅಮರ ಸುಳ್ಯದ ದಂಗೆಯ ವಿಷಯ ಬಂದಾಗ ನನಗೆ ಸ್ವಲ್ಪ ಹುರುಪು ಹೆಚ್ಚು. ನಮ್ಮ ಊರಿನ ಕಥೆಯಲ್ಲವೇ. ಸುಳ್ಯದ ಕಡೆಯಿಂದ ಹೊರಟ ರೈತರು ಪುತ್ತೂರು ದಾಟಿ ಮಂಗಳೂರಿಗೆ ಹೋದರು, ಸುಮಾರು ಎರಡು ವಾರ ಅದನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು, ಆಮೇಲೆ ಕಣ್ಣಾನೂರಿನ ಕಡೆಯಿಂದ ಬಂದ ಕಂಪೆನಿ ಸೈನ್ಯಕ್ಕೆ ಸೋತರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸೋಲುತ್ತೇವೆ ಅಂತ ಅವರಿಗೆ ಗೊತ್ತಿರಲಿಲ್ಲವಾ ಟೀಚರ್?” ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಮುಂದೇನಾಯಿತು ಎಂದು ಗೊತ್ತಿರುವವರು ಬರೆದದ್ದನ್ನೇ ನಾವು ಚರಿತ್ರೆ ಎಂದು ಓದುತ್ತೇವೆ. ಅದರ ಒಳಗೆ ಇದ್ದವರಿಗೆ ಆ ಸೌಕರ್ಯ ಇರಲಿಲ್ಲ. ಇದನ್ನು ನಾನು ಬಿ.ಎಡ್. ಕಾಲೇಜಿನಲ್ಲಿ ಕಲಿತದ್ದಲ್ಲ. ನನ್ನ ತಮ್ಮನ ಕಾಯಿಲೆಯಿಂದ ಕಲಿತದ್ದು.

ಕಾಯಿಲೆಗಳಿಗೂ ಚರಿತ್ರೆ ಉಂಟು. ಈ ಬರಹ ಅಂಥ ಒಂದು ಕಾಯಿಲೆಯ ಚರಿತ್ರೆ. ಅದರ ನಡುವೆ ನಮ್ಮ ಮನೆಯ ಮೂವತ್ತು ವರ್ಷಗಳೂ ಸೇರಿಕೊಂಡಿವೆ. ತಮ್ಮನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. “ಹೆಸರು ಬೇಡ, ಮನೆಯ ಗುರುತು ಬೇಡ, ಉಳಿದದ್ದು ಬರೆ ಅಕ್ಕ” ಎಂದಿದ್ದಾನೆ.

ನಮ್ಮ ತವರು ಕಡಬದ ಕಡೆ. ಕಡಬ ಈಗ ತಾಲೂಕು ಕೇಂದ್ರ; ನಾವು ಚಿಕ್ಕವರಿದ್ದಾಗ ಪುತ್ತೂರು ತಾಲೂಕಿನ ಒಂದು ಊರು ಅಷ್ಟೆ. ನನ್ನ ಅಜ್ಜಿ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಗದ್ದೆ ಬದುವಿನಲ್ಲಿ ನೆಲನೆಲ್ಲಿ ಹುಲುಸಾಗಿ ಬೆಳೆದಿರುತ್ತಿತ್ತು. ಅದನ್ನು ಬೇರು ಸಮೇತ ಕಿತ್ತು ತೊಳೆದು ಅರೆದು ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಮೂರು ದಿನ ಕೊಡುವುದು. ಎಣ್ಣೆ, ಖಾರ, ಮೀನು ಬಿಟ್ಟು ಗಂಜಿಯ ಪಥ್ಯ. ಕಣ್ಣು ಅರಿಶಿನದ ಹಾಗೆ ಆಗಿ ಬಂದವರು ಎರಡು ಮೂರು ವಾರದಲ್ಲಿ ಬೆಳ್ಳಗಾಗಿ ಬಾಳೆಗೊನೆ ಹೊತ್ತು ಬರುತ್ತಿದ್ದರು. ಅಜ್ಜಿ ದುಡ್ಡು ಮುಟ್ಟುತ್ತಿರಲಿಲ್ಲ. ಮದ್ದಿಗೆ ಬೆಲೆ ಕಟ್ಟಿದರೆ ಅದು ನಾಟುವುದಿಲ್ಲ ಎಂಬುದು ಅವರ ನಂಬಿಕೆ.

ಅಜ್ಜಿಯ ಮದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಅವರಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರಿಗೆ ಇದ್ದಿರಬಹುದಾದದ್ದು ಕೆಟ್ಟ ನೀರಿನಿಂದ ಬರುವ ಕಾಮಾಲೆ. ಇಂದಿನ ಹೆಸರಿನಲ್ಲಿ ಹೆಪಟೈಟಿಸ್ ಎ. ವಿಶ್ರಾಂತಿ, ಪಥ್ಯ ಇದ್ದರೆ ಬಹುತೇಕ ಜನರಲ್ಲಿ ಅದು ತಾನಾಗಿಯೇ ಹೋಗುತ್ತದೆ. ನೆಲನೆಲ್ಲಿಯನ್ನು ವಿಜ್ಞಾನಿಗಳೂ ಕಡೆಗಣಿಸಲಿಲ್ಲ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಅವರ ಸಂಗಡಿಗರು, ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದಿದ್ದ ಬರೂಕ್ ಬ್ಲುಂಬರ್ಗ್ ಜೊತೆ ಸೇರಿ, ಈ ಸಸ್ಯದ ಪುಡಿಯಿಂದ ಹೆಪಟೈಟಿಸ್ ಬಿ ಇದ್ದ ಹಲವರ ರಕ್ತದಲ್ಲಿ ಸೋಂಕಿನ ಗುರುತು ಮಾಯವಾಯಿತು ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಬೇರೆ ಕಡೆಗಳಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಅಜ್ಜಿ ಇದ್ದಿದ್ದರೆ ಕೈಗುಣ ಬೇರೆ ಎನ್ನುತ್ತಿದ್ದರು.

ಹಳ್ಳಿಯ ವೈದ್ಯಕ್ಕೆ ಒಂದೇ ಕಾಮಾಲೆ ಇದ್ದಂತೆ ಇಂಗ್ಲಿಷ್ ವೈದ್ಯಕ್ಕೂ ಬಹಳ ಕಾಲ ಹೆಚ್ಚು ಕಡಿಮೆ ಒಂದೇ ಇತ್ತು. ಮೊದಲು ಬಿ, ಆಮೇಲೆ ಎ ವೈರಸ್ ಸಿಕ್ಕಿತು. ಆದರೂ ರಕ್ತ ಪಡೆದ ಕೆಲವರಿಗೆ ಈ ಎರಡೂ ಅಲ್ಲದ ಲಿವರ್ ಕಾಯಿಲೆ ಬರುತ್ತಿತ್ತು. ಅಮೆರಿಕದ ಹಾರ್ವೆ ಆಲ್ಟರ್ ಮೊದಲಾದವರು 1970ರ ದಶಕದಲ್ಲಿ ಇದನ್ನು ಗಮನಿಸಿ ‘ಎ ಅಲ್ಲ, ಬಿ ಅಲ್ಲ’ ಎಂದೇ ಕರೆದರು. ಕಾಯಿಲೆಗೆ ಸ್ವಂತ ಹೆಸರೂ ಇಲ್ಲದೆ ಹದಿನೈದು ವರ್ಷ ಹೋಯಿತು. 1989ರಲ್ಲಿ ಮೈಕೆಲ್ ಹ್ಯೂಟನ್ ಮತ್ತು ಜೊತೆಗಾರರು ಆ ವೈರಸ್ಸನ್ನು ಗುರುತಿಸಿದ ಮೇಲೆ ಅದು ಹೆಪಟೈಟಿಸ್ ಸಿ ಆಯಿತು. 2020ರ ನೊಬೆಲ್ ಬಹುಮಾನ ಆಲ್ಟರ್, ಹ್ಯೂಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ ಬಂದದ್ದು ಈ ಕೆಲಸಕ್ಕಾಗಿ.

ಈ ‘ಸಿ’ ಮಹಾ ಮೌನಿ. ರಕ್ತಕ್ಕೆ ಬಂದಾಗ ಹೆಚ್ಚಿನವರಿಗೆ ಕಣ್ಣು ಹಳದಿ ಆಗುವುದೇ ಇಲ್ಲ. ನೂರರಲ್ಲಿ ಸುಮಾರು ಮೂವತ್ತು ಮಂದಿಯಲ್ಲಿ ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ. ಉಳಿದವರಲ್ಲಿ ಬಿಡಾರ ಹೂಡುತ್ತದೆ. ಹೀಗೆ ಉಳಿದವರಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಮಂದಿಗೆ ಇಪ್ಪತ್ತು ವರ್ಷದೊಳಗೆ ಲಿವರ್ ಗಾಯದ ಕಲೆಯ ಹಾಗೆ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಜೊತೆಗೆ ಎಚ್.ಐ.ವಿ. ಇದ್ದರೆ ಈ ದಾರಿ ಇನ್ನೂ ಬೇಗ ಸವೆಯುತ್ತದೆ. ಹಳದಿ ಕಾಣದ ಕಾಮಾಲೆಗೆ ಅಜ್ಜಿ ಮದ್ದು ಕೊಡುವುದಾದರೂ ಹೇಗೆ?

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ.

1993ರ ಮಳೆಗಾಲ. ನನಗೆ ಅದೇ ವರ್ಷ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಸುಬ್ರಹ್ಮಣ್ಯದ ಕಡೆಯಿಂದ ಬರುತ್ತಿದ್ದ ಜೀಪು ಮಗುಚಿ ತಮ್ಮನ ತೊಡೆಯ ಎಲುಬು ಎರಡು ತುಂಡಾಯಿತು. ಆಪರೇಷನ್ ಆಗಬೇಕು, ಮೂರು ಬಾಟ್ಲಿ ರಕ್ತ ಬೇಕು ಎಂದರು. ಅವನದು ಓ, ನನ್ನದು ಬಿ. ಅಪ್ಪನಿಗೆ ಸಕ್ಕರೆ ಕಾಯಿಲೆ. ಊರಿನಿಂದ ಜನ ಕರೆತರಲು ಫೋನ್ ಇಲ್ಲ, ಹೊಳೆ ತುಂಬಿ ಬಸ್ಸೂ ಇಲ್ಲ. ಆಗ ಆಸ್ಪತ್ರೆಯ ಬಳಿ ಓಡಾಡಿಕೊಂಡಿದ್ದ ಒಬ್ಬರು, “ಜನ ಇದ್ದಾರೆ, ದುಡ್ಡು ಕೊಟ್ಟರೆ ಆಯಿತು” ಎಂದರು. ಅಪ್ಪನ ಹತ್ತಿರ ಇದ್ದದ್ದು ಸಾಲದೆ ನನ್ನ ಮೊದಲ ಸಂಬಳವನ್ನು ನಾನೇ ಎಣಿಸಿ ಕೊಟ್ಟೆ. ರಕ್ತ ಕೊಟ್ಟವರಲ್ಲಿ ಒಬ್ಬನನ್ನು ನಾನು ನೋಡಿದ್ದೇನೆ. ಚೌಕುಳಿ ಲುಂಗಿ ಉಟ್ಟ ಸಣಕಲು ಆಳು. ಬಾಗಿಲ ಬಳಿ ಕುಳಿತು ಚಹಾದಲ್ಲಿ ಬನ್ ಅದ್ದಿ ತಿನ್ನುತ್ತಿದ್ದ. ನನ್ನನ್ನು ನೋಡಿ, “ತಮ್ಮನಾ ಅಕ್ಕ? ಗುಣ ಆಗ್ತದೆ” ಎಂದ. ಗುಣವೂ ಆಯಿತು. ಮೂರು ತಿಂಗಳಲ್ಲಿ ತಮ್ಮ ಕೋಲು ಬಿಟ್ಟು ನಡೆದ.

ಆ ಕಾಲವನ್ನು ಇಂದಿನ ಕಣ್ಣಿನಿಂದ ನೋಡಿ ತೀರ್ಪು ಕೊಡುವುದು ಸುಲಭ. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ನಡೆಸಿದ ಪರೀಕ್ಷೆಯಲ್ಲಿ. ರಕ್ತಕ್ಕೆ ಎಚ್.ಐ.ವಿ. ಪರೀಕ್ಷೆ 1989ರಲ್ಲಿ ಕಡ್ಡಾಯವಾಯಿತು. ಆದರೆ ಕಾನೂನು ಬಂದದ್ದಕ್ಕೂ ಅದು ಎಲ್ಲ ಊರು ಮುಟ್ಟಿದ್ದಕ್ಕೂ ನಡುವೆ ವರ್ಷಗಳು ಕಳೆದವು. ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯ ಆದದ್ದು 2001ರಲ್ಲಿ. ಎಚ್.ಡಿ. ಶೌರಿಯವರ ‘ಕಾಮನ್ ಕಾಸ್’ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿ, 1996ರ ಜನವರಿಯಲ್ಲಿ ತೀರ್ಪು ಬಂದು, 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದು ನಿಂತಿತು. ನನ್ನ ಮೊದಲ ಸಂಬಳ ಖರ್ಚಾದದ್ದು ಇವೆಲ್ಲದರ ನಡುವಿನ ಸಂದಿಯಲ್ಲಿ.

ನಮ್ಮದೊಂದೇ ಕಥೆಯಲ್ಲ. ಬ್ರಿಟನ್ನಿನಲ್ಲಿ ರಕ್ತ ಮತ್ತು ರಕ್ತದ ಔಷಧಿಗಳಿಂದ ಎಚ್.ಐ.ವಿ., ಹೆಪಟೈಟಿಸ್ ತಗುಲಿದವರು 30 ಸಾವಿರಕ್ಕೂ ಹೆಚ್ಚು ಎಂದು ಸರ್ ಬ್ರಯನ್ ಲ್ಯಾಂಗ್‌ಸ್ಟಾಫ್ ಅವರ ವಿಚಾರಣಾ ವರದಿ 2024ರ ಮೇ ತಿಂಗಳಲ್ಲಿ ಹೇಳಿತು. ಅವರಲ್ಲಿ ಹಲವರು ಹೀಮೋಫಿಲಿಯಾ ಇದ್ದವರು. ಗಾಯವಾದರೆ ರಕ್ತ ನಿಲ್ಲದವರು. ಸಾವಿರಾರು ಜನರ ರಕ್ತವನ್ನು ಒಟ್ಟುಗೂಡಿಸಿ ಮಾಡಿದ ಔಷಧಿಯಿಂದ ಒಬ್ಬನ ಸೋಂಕು ಎಲ್ಲರಿಗೂ ಹಂಚಿಹೋಯಿತು. ನಮ್ಮ ಕರ್ನಾಟಕದಲ್ಲಿ ಇಂಥ ರೋಗಿಗಳ ಪರವಾಗಿ ದುಡಿದವರು ದಾವಣಗೆರೆಯ ಡಾ. ಸುರೇಶ್ ಹನಗವಾಡಿ, ಸ್ವತಃ ಹೀಮೋಫಿಲಿಯಾ ಇದ್ದೂ ವೈದ್ಯರಾದವರು. ಈಜಿಪ್ಟಿನಲ್ಲಿ ಬಸವನಹುಳುವಿನಿಂದ ಹರಡುವ ಒಂದು ಕಾಯಿಲೆಗೆ ಸರಕಾರವೇ ಹಳ್ಳಿಹಳ್ಳಿಗೆ ಹೋಗಿ ಸೂಜಿ ಮದ್ದು ಕೊಟ್ಟಿತು. ಸೂಜಿ ಸರಿಯಾಗಿ ಕುದಿಸದೆ ಹೆಪಟೈಟಿಸ್ ಸಿ ದೇಶದ ಉದ್ದಗಲಕ್ಕೂ ಹಬ್ಬಿತು. ಮಣಿಪುರದಲ್ಲಿ ಅಮಲಿನ ಮದ್ದನ್ನು ಒಂದೇ ಸೂಜಿಯಲ್ಲಿ ಹಂಚಿಕೊಂಡ ಯುವಕರಿಗೆ ಎರಡೂ ವೈರಸ್ ಒಟ್ಟಿಗೆ ಬಂದವು. ದಾರಿ ಬೇರೆ ಬೇರೆ, ತಲಪಿದ ಜಾಗ ಒಂದೇ.

2007ರಲ್ಲಿ ತಮ್ಮನಿಗೆ ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಆಯಿತು. ಮದ್ದು ಕೊಟ್ಟ ವೈದ್ಯರು ಅವನ ತೂಕ ಇಳಿದದ್ದನ್ನೂ ಗಮನಿಸಿ ರಕ್ತ ಪರೀಕ್ಷೆಗೆ ಬರೆದರು. ಎಚ್.ಐ.ವಿ. ಇತ್ತು. ಅವನ ಹೆಂಡತಿಗೂ ಮಗುವಿಗೂ ಇರಲಿಲ್ಲ ಎಂಬುದೊಂದೇ ಆ ವರ್ಷದ ಸಮಾಧಾನ. ಸರಕಾರ 2004ರ ಏಪ್ರಿಲ್‌ನಿಂದ ಉಚಿತ ಮಾತ್ರೆ ಕೊಡಲು ಆರಂಭಿಸಿದ್ದರಿಂದ ಅವನು ಬದುಕಿದ. ಅದಕ್ಕೂ ಮೊದಲು, 2001ರಲ್ಲಿ, ಸಿಪ್ಲಾದ ಯೂಸುಫ್ ಹಮೀದ್ ವರ್ಷಕ್ಕೆ 350 ಡಾಲರಿಗೆ ಮೂರು ಮದ್ದು ಕೊಡುತ್ತೇನೆ ಎಂದು ಹೇಳಿ ಲೋಕದ ಬೆಲೆಯನ್ನೇ ಕೆಳಗಿಳಿಸಿದ್ದರು. ತಿಂಗಳಿಗೊಮ್ಮೆ ಬೆಳಗಿನ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಮಾತ್ರೆ ತರುವುದು. ಊರಿನಲ್ಲಿ ಕೇಳಿದವರಿಗೆ “ಕಾಲಿಗೆ ಹಾಕಿದ ರಾಡ್ ತೋರಿಸಲಿಕ್ಕೆ” ಎನ್ನುವುದು. ಮನೆಯಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತು.

“ಹೇಗೆ ಬಂತು?” ಎಂದು ತಿಳಿದವರು ಕೇಳಿದಾಗ ನಾನು ಬೇಗ ಬೇಗ ಜೀಪಿನ ಕಥೆ, ರಕ್ತದ ಕಥೆ ಹೇಳಿಬಿಡುತ್ತಿದ್ದೆ. ಒಮ್ಮೆ ತಮ್ಮನೇ ತಡೆದ. “ಬೇರೆ ರೀತಿ ಬಂದಿದ್ದರೆ ನಾನು ನಿನ್ನ ತಮ್ಮ ಅಲ್ಲವಾ?” ಎಂದ. ಅಂದಿನಿಂದ ಆ ವಿವರಣೆ ಕೊಡುವುದನ್ನು ನಾನು ಬಿಟ್ಟೆ. ಯಾವ ಬಾಟ್ಲಿಯಿಂದ ಏನು ಬಂತೆಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಇಲ್ಲಿ ಬರೆದದ್ದು ಕಾಯಿಲೆಯ ಚರಿತ್ರೆಗೆ ಬೇಕೆಂದೇ ಹೊರತು ಅವನ ನಡತೆಗೆ ಸರ್ಟಿಫಿಕೇಟು ಕೊಡಲಿಕ್ಕಲ್ಲ.

ಐದು ವರ್ಷ ಚೆನ್ನಾಗಿಯೇ ಇದ್ದ. 2012ರಲ್ಲಿ ಲಿವರಿನ ಲೆಕ್ಕ ತಪ್ಪತೊಡಗಿತು. ಅವನು ನುಂಗುತ್ತಿದ್ದದ್ದು ಜಿಡೊವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಸೇರಿದ ಮಾತ್ರೆ. ನೆವಿರಾಪಿನ್ ಕೆಲವರ ಲಿವರಿಗೆ ಆಗಿಬರುವುದಿಲ್ಲ. ಅದೇ ಇರಬೇಕೆಂದು ಮೊದಲು ಸಂಶಯ. ಆಮೇಲೆ ಮಾಡಿದ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಸಿಕ್ಕಿತು. ನಮ್ಮ ದೇಶದಲ್ಲಿ ಹೆಚ್ಚು ಕಾಣುವ ಮೂರನೆಯ ಬಗೆಯದು. ಸ್ಕ್ಯಾನಿನಲ್ಲಿ ಸಿರೋಸಿಸ್ ಕಂಡಿತು. ಕುಡಿತದ ವಾಸನೆಯೂ ಅರಿಯದ ಮನುಷ್ಯನಿಗೆ ಕುಡುಕರ ಕಾಯಿಲೆ ಎಂದು ಊರವರು ಆಡಿಕೊಂಡರು.

ನಾನು ಪಾಠದ ಟಿಪ್ಪಣಿ ಬರೆಯುವ ನೋಟು ಪುಸ್ತಕದಲ್ಲಿ ಎರಡು ಕಂಬ ಎಳೆದೆ. ಒಂದು ಕಡೆ ‘ಈಗಲೇ ಮದ್ದು’, ಇನ್ನೊಂದು ಕಡೆ ‘ಕಾಯುವುದು’.

ಆಗ ಇದ್ದ ಮದ್ದು ಇಂಟರ್‌ಫೆರಾನ್ ಸೂಜಿ ಮತ್ತು ರೈಬಾವಿರಿನ್ ಮಾತ್ರೆ. ಇಂಟರ್‌ಫೆರಾನ್ 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದ ವಸ್ತು. ವೈರಸ್ ಹೊಕ್ಕಾಗ ನಮ್ಮ ದೇಹವೇ ತಯಾರಿಸುವಂಥದು. ಇದನ್ನು ಹೆಪಟೈಟಿಸ್ ಸಿಗೆ ಬಳಸಲು ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ರೈಬಾವಿರಿನ್ ಜೊತೆ ಸೇರಿತು, ವಾರಕ್ಕೊಂದೇ ಸೂಜಿ ಸಾಕಾಗುವ ರೂಪವೂ ಬಂತು. ಎರಡು ಸೋಂಕೂ ಇದ್ದವರಿಗೆ 48 ವಾರ ಈ ಮದ್ದು ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿತ್ತು. ಒಟ್ಟಾರೆ ನೂರಕ್ಕೆ 40 ಮಂದಿಯಲ್ಲಿ ವೈರಸ್ ಹೋಯಿತು. ಎರಡು, ಮೂರನೆಯ ಬಗೆಯವರಲ್ಲಿ 62. ಆದರೆ ಸಿರೋಸಿಸ್ ಇದ್ದರೆ ಈ ಭಾಗ್ಯ ಕಡಿಮೆ ಎಂದು ವೈದ್ಯರು ಹೇಳಿದರು.

ಇನ್ನೊಂದು ಕಂಬ ತುಂಬುತ್ತಾ ಹೋಯಿತು. ಇಂಟರ್‌ಫೆರಾನ್ ಎಂದರೆ ವಾರ ವಾರ ಜ್ವರ, ಮೈಕೈ ನೋವು, ಕೆಲವರಿಗೆ ಪ್ರಾಣವೇ ಬೇಡ ಎನಿಸುವಷ್ಟು ಖಿನ್ನತೆ. ಬಿಳಿ ರಕ್ತಕಣ ಇಳಿಯುತ್ತದೆ, ಎಚ್.ಐ.ವಿ. ಇದ್ದವರಲ್ಲಿ ಬಹಳ ಕಷ್ಟಪಟ್ಟು ಏರಿಸಿದ ಸಿಡಿ4 ಲೆಕ್ಕ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ತಮ್ಮನ ಪ್ಲೇಟ್‌ಲೆಟ್ ಮೊದಲೇ ಅರ್ಧಕ್ಕಿಂತ ಕಡಿಮೆ. ರೈಬಾವಿರಿನ್ ರಕ್ತ ಕರಗಿಸುತ್ತದೆ, ಜಿಡೊವುಡಿನ್ ರಕ್ತ ಹುಟ್ಟುವುದನ್ನು ತಡೆಯುತ್ತದೆ. ಎರಡೂ ಸೇರಿದರೆ ಮನುಷ್ಯ ಬಿಳಿಚಿ ಬೀಳುತ್ತಾನೆ. ಆದ್ದರಿಂದ ಮೊದಲು ಎಚ್.ಐ.ವಿ. ಮಾತ್ರೆಯನ್ನೇ ಬದಲಿಸಬೇಕು. ಹೇಗೋ ಸಾವರಿಸಿಕೊಂಡು ನಡೆಯುತ್ತಿರುವ ಲಿವರು ಇಂಟರ್‌ಫೆರಾನಿನ ಪೆಟ್ಟಿಗೆ ಕುಸಿದರೂ ಕುಸಿಯಬಹುದು. ಖರ್ಚು ಲಕ್ಷಗಳ ಮಾತು. ಒಂದು ವರ್ಷದ ಅಡಿಕೆ ಪೂರಾ ಕೊಟ್ಟರೂ ಸಾಲದು.

ಕಾಯುವ ಕಡೆಯಲ್ಲಿ ಬರೆಯಲು ಇದ್ದದ್ದು ಎರಡೇ ಮಾತು. ಸೂಜಿಯಿಲ್ಲದ ಹೊಸ ಮಾತ್ರೆ ಪರೀಕ್ಷೆಯ ಹಂತದಲ್ಲಿದೆ. ಲಿವರು ಎಷ್ಟು ದಿನ ತಾಳುತ್ತದೆ ಗೊತ್ತಿಲ್ಲ.

ವೈದ್ಯರು ಎರಡೂ ಬದಿ ತೂಗಿ ಹೇಳಿದರು, ನಿರ್ಧಾರ ನಮಗೇ ಬಿಟ್ಟರು. ಸಂಜೆ ಜಗಲಿಯಲ್ಲಿ ಕುಳಿತು ತಮ್ಮ ಕೇಳಿದ: “ನೀನಾದರೆ ಎಂತ ಮಾಡ್ತಿದ್ದೆ ಅಕ್ಕ?” ಕಾಯುತ್ತಿದ್ದೆ ಎಂದೆ. “ಹಾಗಾದರೆ ಕಾಯುವ” ಎಂದ. ನನ್ನ ಒಂದು ಮಾತಿನ ಮೇಲೆ ಅವನು ತನ್ನ ಲಿವರನ್ನೇ ಪಣಕ್ಕಿಟ್ಟ. ಜಿಡೊವುಡಿನ್, ನೆವಿರಾಪಿನ್ ಬಿಡಿಸಿ ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಕೊಟ್ಟರು. ಸಂಬಂಧಿಕರೊಬ್ಬರು ನೆಲನೆಲ್ಲಿ ತಂದು ಕೊಟ್ಟರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ವೈದ್ಯರನ್ನು ಕೇಳಿ, ಅವರು ಬೇಡವೆಂದ ಮೇಲೆ ತುಳಸಿಕಟ್ಟೆಯ ಬುಡಕ್ಕೆ ಹಾಕಿದೆ.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ವೈರಸ್ ತನ್ನ ನಕಲು ಮಾಡಿಕೊಳ್ಳುವ ಯಂತ್ರಕ್ಕೇ ಕಲ್ಲು ಹಾಕುವ ಮದ್ದು. ಹನ್ನೆರಡು ವಾರಕ್ಕೆ 84 ಸಾವಿರ ಡಾಲರ್. ಮಾತ್ರೆಯೊಂದಕ್ಕೆ ಸಾವಿರ ಡಾಲರ್. ಅಂದಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿಗೂ ಮಿಕ್ಕಿ. ಇದೇ ಮದ್ದನ್ನು ತಯಾರಿಸಲು ಹನ್ನೆರಡು ವಾರಕ್ಕೆ 68ರಿಂದ 136 ಡಾಲರ್ ಸಾಕೆಂದು ಲಿವರ್‌ಪೂಲಿನ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಾನು ನೋಟು ಪುಸ್ತಕದಲ್ಲಿ ಆ ಎರಡು ಅಂಕೆಗಳನ್ನು ಒಂದರ ಕೆಳಗೆ ಒಂದು ಬರೆದು ಬಹಳ ಹೊತ್ತು ನೋಡಿದೆ. ಅಜ್ಜಿ ಮದ್ದಿಗೆ ಬೆಲೆ ಕಟ್ಟದ ಮನೆಯಲ್ಲಿ ನಾನು ಬೆಳೆದವಳು.

2014ರ ಸೆಪ್ಟೆಂಬರಿನಲ್ಲಿ ಆ ಕಂಪೆನಿ ಬೆಂಗಳೂರಿನ ಸ್ಟ್ರೈಡ್ಸ್ ಸೇರಿದಂತೆ ಏಳು ಭಾರತೀಯ ತಯಾರಕರಿಗೆ ಪರವಾನಿಗೆ ಕೊಟ್ಟಿತು. ಪೇಟೆಂಟಿಗೆ ಇಲ್ಲಿ ವಿರೋಧ ಇತ್ತು. ಬಡದೇಶಗಳ ಒತ್ತಡವೂ ಇತ್ತು. ಮದ್ದು ಬರುತ್ತದೆ ಎಂಬ ಸುದ್ದಿ ಬಂತು, ಮದ್ದು ಇನ್ನೂ ಬಂದಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ತಮ್ಮ ರಕ್ತ ವಾಂತಿ ಮಾಡಿಕೊಂಡ. ಗಟ್ಟಿಯಾದ ಲಿವರಿನೊಳಗೆ ಹರಿಯಲಾರದ ರಕ್ತ ಅನ್ನನಾಳದ ಸಿರೆಗಳನ್ನು ಉಬ್ಬಿಸಿ ಒಡೆದಿತ್ತು. ಆ ರಾತ್ರಿ ಎಂಡೋಸ್ಕೋಪಿಯಲ್ಲಿ ಸಿರೆಗಳಿಗೆ ರಬ್ಬರ್ ಬಳೆ ಹಾಕಿ ರಕ್ತ ನಿಲ್ಲಿಸಿದರು. ಮತ್ತೆ ರಕ್ತ ಬೇಕಾಯಿತು. ಇಪ್ಪತ್ತೊಂದು ವರ್ಷದ ಮೇಲೆ ಮತ್ತೆ ಓ. ಈ ಬಾರಿ ದುಡ್ಡು ಎಣಿಸಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಬಂದು ರಕ್ತ ಕೊಟ್ಟರು. ರಕ್ತ ಯಾರಿಗೆಂದು ಕೇಳಲಿಲ್ಲ, ಕಾಯಿಲೆ ಏನೆಂದೂ ಕೇಳಲಿಲ್ಲ. ಕೊಡುವ ಮೊದಲು ಎಲ್ಲ ಪರೀಕ್ಷೆ ಆದ ರಕ್ತ. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ನಾನು ಯೋಚಿಸಿದ್ದು ಒಂದೇ: ಕಾಯುವ ಎಂದವಳು ನಾನು.

2015ರ ಮಾರ್ಚಿನಲ್ಲಿ ಸೊಫೊಸ್ಬುವಿರ್ ನಮ್ಮ ದೇಶದ ಅಂಗಡಿಗೆ ಬಂತು. 28 ಮಾತ್ರೆಯ ಡಬ್ಬಕ್ಕೆ ಸುಮಾರು 20 ಸಾವಿರ ರೂಪಾಯಿ. ಮತ್ತೆ ತೂಗಿ ನೋಡುವ ಕೆಲಸ. ಜೊತೆಗೆ ಕೊಡಲು ಇಲ್ಲಿ ಇದ್ದದ್ದು ರೈಬಾವಿರಿನ್ ಮಾತ್ರ. ಮೂರನೆಯ ಬಗೆ, ಅದರ ಮೇಲೆ ಸಿರೋಸಿಸ್. ಈ ಜೋಡಿಯ ಬಲ ಸಾಲದೆ ಹೋಗಬಹುದು. ರಕ್ತ ಕಳೆದುಕೊಂಡ ಶರೀರ ರೈಬಾವಿರಿನ್ ತಾಳುವುದೂ ಕಷ್ಟ. ಡಕ್ಲಾಟಾಸ್ವಿರ್ ಎಂಬ ಇನ್ನೊಂದು ಮಾತ್ರೆ ಜೊತೆಗೆ ಇದ್ದರೆ ಫಲ ಹೆಚ್ಚು ಎಂದು ಆ ವರ್ಷ ಅಧ್ಯಯನಗಳು ಬಂದವು. ಎರಡು ಸೋಂಕೂ ಇದ್ದವರಿಗೆ ಇವೆರಡನ್ನು ಹನ್ನೆರಡು ವಾರ ಕೊಟ್ಟಾಗ ನೂರಕ್ಕೆ 97 ಮಂದಿಯಲ್ಲಿ ವೈರಸ್ ಹೋಗಿತ್ತು. ಅದು ಇಲ್ಲಿ ಸಿಗಲು ಡಿಸೆಂಬರ್ ಆಯಿತು. ಈ ಒಂಬತ್ತು ತಿಂಗಳು ಕಾದದ್ದು ಮೊದಲಿನ ಮೂರು ವರ್ಷಕ್ಕಿಂತ ಉದ್ದ. ಮಧ್ಯರಾತ್ರಿ ಫೋನ್ ಬಂದರೆ ಎದೆ ನಿಂತಂತಾಗುತ್ತಿತ್ತು.

ಅಷ್ಟಾದರೂ ಮುಗಿಯಲಿಲ್ಲ. ಅವನು ನುಂಗುತ್ತಿದ್ದ ಎಫಾವಿರೆಂಜ್, ಡಕ್ಲಾಟಾಸ್ವಿರನ್ನು ಶರೀರದಿಂದ ಬೇಗ ಹೊರಹಾಕಿಬಿಡುತ್ತದೆ. ಆದ್ದರಿಂದ ದಿನಕ್ಕೆ 60 ಮಿಲಿಗ್ರಾಂ ಸಾಲದು, 90 ಬೇಕು. ಒಂದು ಕಾಯಿಲೆಯ ಮದ್ದು ಇನ್ನೊಂದರ ಮದ್ದಿನ ತಟ್ಟೆಗೆ ಕೈ ಹಾಕುತ್ತದೆ. ಎರಡು ಕಾಯಿಲೆಗೆ ಇಬ್ಬರು ವೈದ್ಯರು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತಪ್ಪದೆ ತೋರಿಸುವುದು ನನ್ನ ಕೆಲಸವಾಯಿತು. ಸೊಸೈಟಿಯಲ್ಲಿ ಬಳೆ ಅಡವಿಟ್ಟೆ. 2016ರ ಜನವರಿಯಿಂದ 24 ವಾರ ಮಾತ್ರೆ ನುಂಗಿದ. ಜ್ವರವಿಲ್ಲ, ಸೂಜಿಯಿಲ್ಲ, ತೋಟದ ಕೆಲಸವೂ ತಪ್ಪಲಿಲ್ಲ. ಮುಗಿದು ಹನ್ನೆರಡು ವಾರದ ಮೇಲೆ ಮಾಡಿದ ಪರೀಕ್ಷೆಯ ಕಾಗದದಲ್ಲಿ ‘ಪತ್ತೆಯಾಗಿಲ್ಲ’ ಎಂದಿತ್ತು. ಅದನ್ನು ನಾನು ಮೂರು ಸಲ ಓದಿದೆ. ಹೆಪಟೈಟಿಸ್ ಸಿ ಬೇರು ಸಮೇತ ಹೋಗುವ ವೈರಸ್, ಎಚ್.ಐ.ವಿ. ಹಾಗಲ್ಲ, ಅದನ್ನು ಮಾತ್ರೆಯಿಂದ ಕಟ್ಟಿ ಹಾಕಬಹುದಷ್ಟೆ.

ಇಂದು ಇದೇ ಕಾಯಿಲೆ ಬಂದವರ ಮುಂದೆ ನಮ್ಮಷ್ಟು ಕವಲು ದಾರಿಗಳಿಲ್ಲ. ಪಂಜಾಬ್ ಸರಕಾರ 2016ರಲ್ಲಿಯೇ ಉಚಿತ ಚಿಕಿತ್ಸೆ ಆರಂಭಿಸಿತು. 2018ರ ಜುಲೈ 28ರಂದು, ಬ್ಲುಂಬರ್ಗ್ ಹುಟ್ಟಿದ ದಿನವೇ ಆದ ವಿಶ್ವ ಹೆಪಟೈಟಿಸ್ ದಿನದಂದು, ಕೇಂದ್ರ ಸರಕಾರದ ರಾಷ್ಟ್ರೀಯ ಕಾರ್ಯಕ್ರಮ ಬಂದು ಪರೀಕ್ಷೆ, ಮದ್ದು ಎರಡೂ ಉಚಿತವಾದವು. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಹನ್ನೆರಡು ವಾರ. ಸಿರೋಸಿಸ್ ಇದ್ದೂ ಲಿವರು ಸಾವರಿಸಿಕೊಂಡಿದ್ದರೆ ಸೊಫೊಸ್ಬುವಿರ್ ಜೊತೆ ವೆಲ್ಪಾಟಾಸ್ವಿರ್ ಹನ್ನೆರಡು ವಾರ. ಹೊಟ್ಟೆಗೆ ನೀರು ತುಂಬಿ, ಕಾಮಾಲೆ ಕಂಡು ಲಿವರು ಸೋತಿದ್ದರೆ ಅದರ ಜೊತೆ ರೈಬಾವಿರಿನ್. ರೈಬಾವಿರಿನ್ ಆಗದವರಿಗೆ 24 ವಾರ. ಸೋತ ಲಿವರಿಗೆ ಪ್ರೋಟಿಯೇಸ್ ತಡೆಯುವ ಜಾತಿಯ ಮಾತ್ರೆಗಳು ಸಲ್ಲವು. ಎಫಾವಿರೆಂಜ್ ಜೊತೆ ವೆಲ್ಪಾಟಾಸ್ವಿರ್ ಕೂಡದು, ಈಗ ಎಚ್.ಐ.ವಿ.ಗೆ ಹೆಚ್ಚಾಗಿ ಕೊಡುವ ಡೊಲುಟೆಗ್ರಾವಿರ್ ಜೊತೆ ಆ ತೊಡಕಿಲ್ಲ. ಮದ್ದು ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಇದೆಯೇ ಎಂದು ನೋಡಲೇಬೇಕು. ಸಿ ಹೋದಾಗ ಮಲಗಿದ್ದ ಬಿ ಏಳುವುದುಂಟು. ಇವೆಲ್ಲ ಬಲ್ಲ ವೈದ್ಯರು ತೂಗಿ ಹೇಳಬೇಕಾದದ್ದು. ನಾನು ಮೇಷ್ಟ್ರಿಣಿ, ತಿಳಿದುಕೊಂಡದ್ದನ್ನು ಒಪ್ಪಿಸುತ್ತಿದ್ದೇನೆ. ಈಜಿಪ್ಟ್ 2018ರಲ್ಲಿ ಇಡೀ ದೇಶವನ್ನೇ ಪರೀಕ್ಷೆಗೆ ಕೂರಿಸಿ ತನ್ನ ಹಳೆಯ ಸೂಜಿಯ ಪಾಪವನ್ನು ತೊಳೆಯಲು ಹೊರಟಿತು. ಆದರೂ ಲೋಕದಲ್ಲಿ ಇನ್ನೂ ಸುಮಾರು 5 ಕೋಟಿ ಜನರಲ್ಲಿ ಈ ವೈರಸ್ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. 2001ಕ್ಕೆ ಮೊದಲು ರಕ್ತ ಪಡೆದವರು ನಮ್ಮ ಸುಳ್ಯ, ಪುತ್ತೂರು, ಕಡಬದಲ್ಲಿಯೂ ಇದ್ದಾರೆ. ಒಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಮಾತ್ರ ನನ್ನ ಬಿನ್ನಹ.

ವೈರಸ್ ಹೋದರೂ ಲಿವರಿನ ಕಲೆ ಪೂರ್ತಿ ಹೋಗಿಲ್ಲ. ಆರು ತಿಂಗಳಿಗೊಮ್ಮೆ ಕ್ಯಾನ್ಸರ್ ಏನಾದರೂ ತಲೆ ಎತ್ತಿದೆಯೇ ಎಂದು ಸ್ಕ್ಯಾನ್ ಮಾಡಿಸುತ್ತಾನೆ. ಸ್ಕ್ಯಾನಿನ ಹಿಂದಿನ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ಕಾದದ್ದು ಸರಿಯಾಯಿತೇ ಎಂದು ನಾನು ವೈದ್ಯರನ್ನು ಕೇಳಿದ್ದೇನೆ. “ಇಂಟರ್‌ಫೆರಾನ್ ಕೊಟ್ಟಿದ್ದರೆ ಗುಣ ಆಗುತ್ತಿತ್ತೋ, ಅದೇ ವರ್ಷ ಲಿವರು ಕುಸಿಯುತ್ತಿತ್ತೋ, ಯಾರಿಗೆ ಗೊತ್ತು ಟೀಚರ್? ಅಂದು ಗೊತ್ತಿದ್ದದ್ದನ್ನು ತೂಗಿದ್ದೀರಿ” ಎಂದರು. ಹಿಂದಿನ ಬೆಂಚಿನ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರವೂ ಅದೇ ಇರಬೇಕು.

ಈ ಬರಹವನ್ನು ತಮ್ಮನಿಗೆ ಓದಿ ಹೇಳಿದೆ. ಮೊದಲ ಸಂಬಳದ ಜಾಗ ಬಂದಾಗ ನನ್ನ ಸ್ವರ ಕಟ್ಟಿತು. ಅವನು ಅಡಿಕೆ ಸುಲಿಯುತ್ತಲೇ, “ಆ ರಕ್ತ ಇಲ್ಲದಿದ್ದರೆ ನಾನು ಆ ಮಳೆಗಾಲದಲ್ಲೇ ಹೋಗುತ್ತಿದ್ದೆ ಅಕ್ಕ. ಅದನ್ನೂ ಬರೆ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಆ ಲುಂಗಿಯವನಿಗೆ ಮಾತ್ರೆ ಸಿಕ್ಕಿರಬಹುದಾ?” ಎಂದು ಕೇಳಿದ.

ನಾನು ಅವನ ಬಗ್ಗೆ ಇಷ್ಟು ವರ್ಷ ಹಾಗೆ ಯೋಚಿಸಿರಲಿಲ್ಲ. ನಮ್ಮ ನೋಟು ಪುಸ್ತಕದ ಎರಡು ಕಂಬಗಳಲ್ಲಿ ಎಲ್ಲಿಯೂ ಅವನು ಇರಲಿಲ್ಲ. ಅವನ ರಕ್ತದಿಂದಲೇ ಬಂದದ್ದಾಗಿದ್ದರೆ, ಅವನ ಮೈಯಲ್ಲಿಯೂ ಅವೆರಡೂ ಇದ್ದವು. ಅವನಿಗೆ ಉಚಿತ ಮಾತ್ರೆ ಬರುವವರೆಗೆ ಹನ್ನೊಂದು ವರ್ಷ, ಇನ್ನೊಂದಕ್ಕೆ ಇಪ್ಪತ್ತೈದು ವರ್ಷ. ಬನ್ನು ಚಹಾಕ್ಕೂ ರಕ್ತ ಮಾರಬೇಕಾದವನು ಅಷ್ಟು ಕಾಲ ಕಾಯಲು ಸಾಧ್ಯವಿತ್ತೇ? ಗುಣ ಆಗ್ತದೆ ಎಂದು ನನಗೆ ಮೊದಲು ಹೇಳಿದವನು ಅವನೇ.